ಬಣ್ಣ ತೆಗೆದು ಹೊಳಪು ತರುವ ಕಸುಬು

ಕಾರು ಪಾಲಿಶ್ ಮಾಡಿಸಲು ಬರುವವರು ಬಾನೆಟ್ಟಿನ ಮೇಲೆ ಅಂಗೈ ಸವರಿ ಕೇಳುವ ಮೊದಲ ಮಾತು, "ಇದಕ್ಕೆ ಏನು ಹಾಕ್ತೀರಿ?" ಎಂಬುದು. "ಇದರಿಂದ ಎಷ್ಟು ತೆಗೀತೀರಿ?" ಎಂದು ಕೇಳಿದವರು ಬಲು ಅಪರೂಪ. ಕೇಳಬೇಕಾದದ್ದು ಎರಡನೆಯದನ್ನೇ. ಗೀರು ಎಂದರೆ ಬಣ್ಣದ ಮೈಯಲ್ಲಿ ಬಿದ್ದ ತಗ್ಗು. ಅದು ಕಾಣದಂತಾಗಬೇಕಾದರೆ ಸುತ್ತಲಿನ ಬಣ್ಣವನ್ನೆಲ್ಲ ತಗ್ಗಿನ ಮಟ್ಟಕ್ಕೆ ಇಳಿಸಬೇಕು, ಬೇರೆ ದಾರಿ ಇಲ್ಲ. ಕಾಂಪೌಂಡ್ ಅನ್ನಿ, ಪಾಲಿಶ್ ಅನ್ನಿ, ಬಫಿಂಗ್ ಅನ್ನಿ, ಬಣ್ಣದ ಒಂದು ತೆಳು ಪದರು ಪುಡಿಯಾಗಿ ಬಟ್ಟೆಗೆ ಬರುವುದೇ ಅಲ್ಲಿ ನಡೆಯುವ ಕೆಲಸ. ವ್ಯಾಕ್ಸ್ ಆಮೇಲಿನ ಮಾತು. ಉಳಿದ ಬಣ್ಣದ ಮೇಲೆ ಅದು ಕೆಲವು ವಾರ ಕೂತಿದ್ದು ಹೋಗುತ್ತದೆ.

ಈ ಕಸುಬಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ವ್ಯಾಕ್ಸ್ ಡಬ್ಬಿಗಳಿಂದ ಶುರುಮಾಡುತ್ತಾರೆ. ಯಾವ ಕಂಪನಿ ಮೊದಲು, ಯಾವ ಡಬ್ಬಿ ಚೆನ್ನ ಎಂದು. ನನಗೆ ಅದು ಕಥೆಯ ಬಾಲ. ಯಾವ ಕಾಲದ ಬಣ್ಣ ಎಷ್ಟು ದಪ್ಪವಿತ್ತು, ಒಣಗಲು ಎಷ್ಟು ಹೊತ್ತು ಬೇಕಿತ್ತು, ಬಿಸಿಲಿಗೆ ಹೇಗೆ ಕೆಡುತ್ತಿತ್ತು ಎಂಬುದನ್ನು ತಿಳಿದರೆ ಆ ಕಾಲದ ಪಾಲಿಶ್‌ನವನು ಏನು ಮಾಡುತ್ತಿದ್ದ ಎಂಬುದು ತಾನಾಗಿ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು ಮೈಸೂರಿನಲ್ಲಿ, ಮರಕ್ಕೆ ಪಾಲಿಶ್ ಹಾಕುವವರ ಮನೆಯಲ್ಲಿ. ಅಪ್ಪ ಬೀಟೆ ಮರದ ಮೇಜು, ಕುರ್ಚಿ, ದೇವರ ಮಂಟಪಗಳಿಗೆ ಅರಗಿನ ಪಾಲಿಶ್ ಹಾಕುತ್ತಿದ್ದರು. ಚಪಡಾ ಎಂದು ಅಂಗಡಿಯಲ್ಲಿ ಸಿಗುತ್ತಿದ್ದ ಅರಗಿನ ತೆಳು ಚೂರುಗಳನ್ನು ರಾತ್ರಿ ಸ್ಪಿರಿಟ್‌ನಲ್ಲಿ ನೆನೆಹಾಕುವುದು, ಬೆಳಿಗ್ಗೆ ಸೋಸುವುದು, ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಅದ್ದಿ ಉಜ್ಜುವುದು. ಉಜ್ಜುವ ಕೈ ನಿಲ್ಲಕೂಡದು. ನಿಂತರೆ ಸ್ಪಿರಿಟ್ ಕೆಳಗಿನ ಪದರನ್ನೂ ಕರಗಿಸಿ ಉಂಡೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಅಪ್ಪ ಕೆಲಸದಲ್ಲಿದ್ದಾಗ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಒಂದು ಪದರು, ಅದು ಆರಿದ ಮೇಲೆ ಇನ್ನೊಂದು, ಮಾರನೆಯ ದಿನ ಮತ್ತೊಂದು. ಅವರ ಲೆಕ್ಕದಲ್ಲಿ ಹೊಳಪು ಎಂದರೆ ಕೂಡಿಸುವುದು.

ಆ ಅರಗು ದೂರದ ಊರಿನಿಂದಲೇ ಬರಬೇಕೆಂದಿರಲಿಲ್ಲ. ನಮ್ಮ ಸೀಮೆಯ ಕಾಡುಗಳಲ್ಲಿ ಜಾಲಾರಿ ಮರದ ಕೊಂಬೆಗಳ ಮೇಲೆ ಅರಗಿನ ಹುಳು ಸಾಕುವುದಿತ್ತು. ಅದನ್ನೇ ನೆಚ್ಚಿಕೊಂಡು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಈಚೆಗೆ ಅದು ದೇಶಕ್ಕೆಲ್ಲ ಗೊತ್ತಿರುವುದು ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ. ಅಪ್ಪನಿಗೆ ಮಾತ್ರ ಅದು ಕೊನೆಯವರೆಗೂ ಅರಗಿನ ಕಾರ್ಖಾನೆಯೇ. ಮತ ಹಾಕಿ ಬಂದ ದಿನ ಬೆರಳು ನೋಡಿಕೊಂಡು, "ಇದನ್ನ ಮೇಜಿಗೆ ಹಚ್ಚೋಕಾಗಲ್ಲ" ಎನ್ನುತ್ತಿದ್ದರು.

ಆದರೆ ಅರಗಿನ ಪಾಲಿಶ್ ಬೀದಿಗೆ ಬರುವಂಥದ್ದಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ, ನೀರು ನಿಂತರೆ ಮಬ್ಬಾಗುತ್ತದೆ. ಮಳೆ ಬಿಸಿಲಿನಲ್ಲಿ ಓಡಾಡುವ ಬಂಡಿಗೆ ಬೇರೆಯೇ ಬೇಕಿತ್ತು, ಅದು ಎಣ್ಣೆ ವಾರ್ನಿಷ್. ಕುದುರೆ ಸಾರೋಟು ಕಟ್ಟುವವರಿಂದಲೇ ಕಾರಿಗೆ ಬಣ್ಣ ಹಚ್ಚುವ ವಿದ್ಯೆ ಬಂದದ್ದು. ದಕ್ಷಿಣದಲ್ಲೇ ಉದಾಹರಣೆ ಇದೆ: ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಶುರುವಾದದ್ದು ಕುದುರೆ ಜೀನು, ಸಾರೋಟುಗಳ ಮನೆಯಾಗಿ. ಅದೇ ಕಂಪನಿಯ ಸ್ಯಾಮ್ಯುಯಲ್ ಜಾನ್ ಗ್ರೀನ್ 1903ರಲ್ಲಿ ಉಗಿಯಿಂದ ಓಡುವ ಕಾರು ಕಟ್ಟಿದ. ಕಟ್ಟುವ ಕೈ ಅದೇ, ಹಚ್ಚುವ ಬಣ್ಣವೂ ಅದೇ.

ಸಾರೋಟಿನ ಬಣ್ಣ ಎಂದರೆ ತಾಳ್ಮೆಯ ಪರೀಕ್ಷೆ. ಮೊದಲು ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಬಿಳುಪು. ಅದರ ಮೇಲೆ ಮರದ ಏರುತಗ್ಗು ತುಂಬುವ ಮಂದವಾದ ಪದರುಗಳು, ಅವನ್ನು ನೀರು ಹಾಕಿ ಪ್ಯೂಮಿಸ್ ಕಲ್ಲಿನಿಂದ ಉಜ್ಜಿ ನಯಮಾಡುವುದು. ಆಮೇಲೆ ಬಣ್ಣದ ಪದರುಗಳು, ಕೊನೆಗೆ ಅಂಟು ಮತ್ತು ಎಣ್ಣೆ ಕಾಸಿ ಮಾಡಿದ ವಾರ್ನಿಷ್, ಅದೂ ಒಂದಕ್ಕಿಂತ ಹೆಚ್ಚು ಸಲ. ಒಂದೊಂದೂ ಒಣಗಲು ದಿನಗಟ್ಟಲೆ. ವಾರ್ನಿಷ್ ಹಚ್ಚುವ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಕೊನೆಯ ವಾರ್ನಿಷ್ ಕುಂಚದಿಂದ ಇಳಿದು ತಾನೇ ಹರಡಿ ತಾನೇ ಹೊಳೆಯುತ್ತಿತ್ತು. ಅದನ್ನು ಮತ್ತೆ ಉಜ್ಜುವವರಿರಲಿಲ್ಲ, ಉಜ್ಜುವ ಅಗತ್ಯವೂ ಇರಲಿಲ್ಲ. ಸಾರೋಟು ನೋಡಿಕೊಳ್ಳುವವನ ಕೆಲಸ ಕೆಸರು ಒಣಗುವ ಮೊದಲೇ ಸ್ಪಂಜಿನಿಂದ ಧಾರಾಳ ನೀರು ಬಿಟ್ಟು ತೊಳೆಯುವುದು, ಮೃದು ತೊಗಲಿನಿಂದ ಒರೆಸುವುದು, ಅಷ್ಟೇ. ಇನ್ನೊಂದು ಎಚ್ಚರ ಅವರಿಗಿತ್ತು. ಸಾರೋಟನ್ನು ಕುದುರೆ ಲಾಯದ ಪಕ್ಕ ನಿಲ್ಲಿಸಬಾರದು. ಗಂಜಲದಿಂದ ಏಳುವ ಅಮೋನಿಯಾ ವಾರ್ನಿಷನ್ನು ಮಬ್ಬುಮಾಡಿ ಬಿರುಕು ಬಿಡಿಸುತ್ತದೆ. ಇವತ್ತು ಮರದ ಕೆಳಗೆ ಕಾರು ನಿಲ್ಲಿಸಿ ಹಕ್ಕಿ ಹಿಕ್ಕೆಯ ಕಲೆಗೆ ನಮ್ಮ ಹತ್ತಿರ ಬರುವವರ ಮುತ್ತಜ್ಜನ ಕಾಲದ ತೊಂದರೆ ಅದು.

ಈ ನಿಧಾನ ಕಾರು ಕಾರ್ಖಾನೆಗಳಿಗೆ ಸರಿಹೊಂದಲಿಲ್ಲ. ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ತನ್ನ ಟಿ ಮಾದರಿಯ ಕಾರುಗಳನ್ನು ಕಪ್ಪಿನಲ್ಲಿ ಮಾತ್ರ ಮಾರಿದ್ದು ಎಲ್ಲರಿಗೂ ಗೊತ್ತು. ಡಾಂಬರಿನ ಜಾತಿಯ ಆ ಕಪ್ಪು ಅಗ್ಗ, ಗಟ್ಟಿ, ಒಲೆಯಲ್ಲಿ ಬೇಯಿಸಿದರೆ ಬೇಗ ಗಟ್ಟಿಯಾಗುತ್ತಿತ್ತು. ಬೇರೆ ಬಣ್ಣ ಬೇಕೆಂದ ಕಂಪನಿಗಳು ಎರಡರಿಂದ ನಾಲ್ಕು ವಾರ ಕಾಯಬೇಕಿತ್ತು. ಮಳೆಗಾಲವಾದರೆ ಇನ್ನೂ ಹೆಚ್ಚು. ದಿನಕ್ಕೆ ನೂರಾರು ಕಾರು ತಯಾರಿಸುವ ಕಾರ್ಖಾನೆಗೆ ಬರೀ ಒಣಗಲು ನಿಂತ ಕಾರುಗಳಿಗೆ ಎಷ್ಟು ಜಾಗ ಬೇಕು, ಎಷ್ಟು ದುಡ್ಡು ಸುಮ್ಮನೆ ನಿಂತಿರಬೇಕು, ಲೆಕ್ಕ ಹಾಕಿ. ಜನರಲ್ ಮೋಟಾರ್ಸ್‌ನ ಚಾರ್ಲ್ಸ್ ಕೆಟರಿಂಗ್ ಬಣ್ಣದವರನ್ನೆಲ್ಲ ಕೂರಿಸಿ ಈ ಕಾಲವನ್ನು ಎಷ್ಟು ಇಳಿಸಬಹುದು ಎಂದು ಕೇಳಿದನಂತೆ. ಅವರು ಕೆಲವು ದಿನ ಉಳಿಸಬಹುದು ಎಂದರಂತೆ. ಒಂದು ಗಂಟೆಗೆ ಇಳಿಯಬೇಕು ಎಂದನಂತೆ ಅವನು.

ಉತ್ತರ ಬಂದದ್ದು ಸಿಡಿಮದ್ದಿನ ಕಡೆಯಿಂದ. ಮೊದಲ ಮಹಾಯುದ್ಧಕ್ಕೆ ಗನ್ ಕಾಟನ್, ಎಂದರೆ ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿ, ರಾಶಿ ರಾಶಿ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಮಾಡುತ್ತಿದ್ದ ಡ್ಯುಪಾಂಟ್ ಕಂಪನಿಗೆ ಕಾರ್ಖಾನೆ ಇದೆ, ಕೊಳ್ಳುವವರಿಲ್ಲ. ಆ ಹತ್ತಿಯನ್ನು ದ್ರಾವಕದಲ್ಲಿ ಕರಗಿಸಿದರೆ ಒಣಗಿ ಗಟ್ಟಿ ಪೊರೆಯಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಆದರೆ ಸ್ವಲ್ಪ ಹಾಕಿದರೂ ಗೋಂದಿನಂತೆ ಮಂದವಾಗುತ್ತಿತ್ತು. ತೆಳ್ಳಗೆ ಮಾಡಿದರೆ ಒಣಗಿದ ಮೇಲೆ ಮೈಮೇಲೆ ಏನೂ ಉಳಿಯುತ್ತಿರಲಿಲ್ಲ. 1920ರ ಬೇಸಿಗೆಯಲ್ಲಿ ಅವರ ಕಾರ್ಖಾನೆಯಲ್ಲಿ ಬಿಸಿಗೆ ಬಿಟ್ಟುಹೋದ ಒಂದು ಪೀಪಾಯಿಯ ದ್ರಾವಣ ಮಂದವಾಗುವ ಬದಲು ನೀರಾಗಿತ್ತು. ಅದರಲ್ಲಿ ಹತ್ತಿ ಹೆಚ್ಚು ಹಿಡಿಸುತ್ತಿತ್ತು, ಬಣ್ಣದ ಪುಡಿಯೂ ಹೆಚ್ಚು ಹಿಡಿಸುತ್ತಿತ್ತು. ಕರಗಿಸುವ ದ್ರಾವಕಕ್ಕೂ ಯುದ್ಧವೇ ದಾರಿ ಮಾಡಿತ್ತು. ಮದ್ದಿಗೆ ಬೇಕಾದ ಅಸಿಟೋನ್ ಅನ್ನು ಮೆಕ್ಕೆಜೋಳದಿಂದ ಹುದುಗಿಸಿ ತೆಗೆಯುವ ವಿಧಾನವನ್ನು ಖೈಮ್ ವೈಜ್‌ಮನ್ ಕಂಡುಹಿಡಿದಿದ್ದ, ಅದರಲ್ಲಿ ಬೇಡದ ಸರಕಾಗಿ ಬ್ಯುಟನಾಲ್ ಕೂಡ ಬರುತ್ತಿತ್ತು. ಆ ಬೇಡದ ಸರಕಿನಿಂದ ಮಾಡಿದ ಬ್ಯುಟೈಲ್ ಅಸಿಟೇಟ್ ಈ ಹೊಸ ಬಣ್ಣಕ್ಕೆ ಹೇಳಿ ಮಾಡಿಸಿದಂತಿತ್ತು. 1923ರಲ್ಲಿ ಓಕ್‌ಲ್ಯಾಂಡ್ ಎಂಬ ಕಾರು ನೀಲಿ ಬಣ್ಣದಲ್ಲಿ ಹೊರಬಂತು. ಬಣ್ಣದ ಹೆಸರು ಡ್ಯೂಕೋ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಡ್ಯೂಕೋ ಒಣಗುವ ವೇಗಕ್ಕೆ ಕುಂಚ ಆಗದು, ಎಳೆಯುವಷ್ಟರಲ್ಲಿ ಗಟ್ಟಿ. ಸಿಂಪಡಿಸಬೇಕು. ಅದಕ್ಕೆ ಬೇಕಾದ ಗನ್ ಆಗಲೇ ತಯಾರಾಗಿತ್ತು. ಅಮೆರಿಕದ ಟೊಲೀಡೋ ಊರಿನ ವೈದ್ಯ ಡೆವಿಲ್‌ಬಿಸ್ ರೋಗಿಗಳ ಗಂಟಲಿಗೆ ಔಷಧಿ ಚಿಮುಕಿಸಲು ಒಂದು ಉಪಕರಣ ಮಾಡಿಕೊಂಡಿದ್ದ, ಅವನ ಮಗ ಅದನ್ನೇ ಬೆಳೆಸಿ ಬಣ್ಣದ ಸ್ಪ್ರೇ ಗನ್ ಮಾಡಿದ. ನಾನು ಮೊದಲು ಕೈಯಲ್ಲಿ ಹಿಡಿದ ಗನ್ನಿನ ಹಿಂದೆ ಒಬ್ಬ ಗಂಟಲು ಡಾಕ್ಟರಿದ್ದಾನೆ ಎಂದು ಎಷ್ಟೋ ವರ್ಷದ ಮೇಲೆ ಓದಿದಾಗ ನಗು ಬಂತು, ಏಕೆಂದರೆ ಥಿನ್ನರ್ ಉಸಿರಾಡಿ ಗಂಟಲು ಕೆಡಿಸಿಕೊಂಡವರೇ ನಮ್ಮ ಶೆಡ್ಡಿನಲ್ಲಿ ಎಲ್ಲರೂ. ನೀರಿನಲ್ಲಿ ನೆನೆದರೂ ಹರಿಯದ ಉಪ್ಪು ಕಾಗದವೂ ಅದೇ ಕಾಲದ್ದು, 1921ರ ಸುಮಾರಿಗೆ 3ಎಂ ಕಂಪನಿ ತಂದದ್ದು. ಒಣ ಉಜ್ಜಾಟದಲ್ಲಿ ಏಳುತ್ತಿದ್ದ ಸೀಸದ ಧೂಳು ಅದರಿಂದ ತಗ್ಗಿತು. ಎರಡು ಬಣ್ಣದ ಕಾರು ಫ್ಯಾಷನ್ನಾದಾಗ ನಡುವಿನ ಗೆರೆ ಹಿಡಿಯಲು ಪೇಂಟರುಗಳು ಅಂಟಿಸುತ್ತಿದ್ದ ಪಟ್ಟಿಗಳು ಕೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತಿದ್ದವು. ಅವರ ಬೈಗುಳ ಕೇಳಿಸಿಕೊಂಡ ಅದೇ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. ವಾಟರ್ ಪೇಪರ್, ಟೇಪ್, ಗನ್: ಇವತ್ತೂ ಯಾವುದೇ ಪೇಂಟಿಂಗ್ ಶೆಡ್ಡಿಗೆ ಹೋಗಿ, ಕಣ್ಣಿಗೆ ಬೀಳುವುದು ಈ ಮೂರೇ.

ಡ್ಯೂಕೋದ ಒಂದು ದೋಷವೇ ನಮ್ಮ ಅನ್ನವಾಯಿತು. ಅದು ಗನ್ನಿನಿಂದ ಇಳಿದು ಒಣಗಿದಾಗ ಹೊಳೆಯುತ್ತಿರಲಿಲ್ಲ. ದ್ರಾವಕ ಕ್ಷಣದಲ್ಲಿ ಹಾರಿಹೋಗುವುದರಿಂದ ಬಣ್ಣ ಹರಡಿ ಸಮವಾಗಲು ಪುರುಸೊತ್ತೇ ಇಲ್ಲ. ಮೈ ಮಬ್ಬು, ಸಣ್ಣ ಸಣ್ಣ ಉಬ್ಬು. ಆ ಉಬ್ಬನ್ನು ವಾಟರ್ ಪೇಪರಿನಿಂದ ಕಡಿದು, ಕಾಂಪೌಂಡಿನಿಂದ ಉಜ್ಜಿ, ಬಟ್ಟೆಯಿಂದ ತಿಕ್ಕಿದ ಮೇಲೆ ಹೊಳಪು. ಸಾರೋಟಿನ ಕಾಲದಲ್ಲಿ ಹೊಳಪು ಕೊನೆಯ ಕುಂಚದ್ದಾಗಿತ್ತು, ಈಗ ಅದು ಉಜ್ಜುವವನ ರಟ್ಟೆಯದಾಯಿತು. ವಾರಗಟ್ಟಲೆ ಕಾಯುವುದನ್ನು ತಪ್ಪಿಸಿದ ಬಣ್ಣ ಆ ಕೆಲಸವನ್ನು ಒಬ್ಬ ಕೂಲಿಯವನ ಹೆಗಲಿಗೆ ದಾಟಿಸಿತು. ಕಾರು ಪಾಲಿಶ್ ಎಂಬ ಪ್ರತ್ಯೇಕ ಕಸುಬು ಬೆಳೆದದ್ದು ಈ ಅವಸರದಿಂದ, ಇದು ನನ್ನ ಖಚಿತ ಅಭಿಪ್ರಾಯ.

ಡಬ್ಬಿಗಳ ಕಥೆಯನ್ನೂ ಹೇಳಿಬಿಡುತ್ತೇನೆ, ಬಿಟ್ಟರೆ ಅಳಿಯ ಬೇಜಾರು ಮಾಡಿಕೊಳ್ಳುತ್ತಾನೆ. ಅಂಗಡಿ ಈಗ ಅವನದು. ಮೆಗ್ವಯರ್ಸ್ 1901ರಲ್ಲಿ ಶುರುವಾದದ್ದು ಪೀಠೋಪಕರಣದ ಪಾಲಿಶ್ ಆಗಿ, ಅಪ್ಪನ ಕಸುಬಿನವರೇ. ಸಿಮೋನೈಜ್ 1910ರಲ್ಲಿ ಷಿಕಾಗೋದಲ್ಲಿ ಬಂತು. ಟರ್ಟಲ್ ವ್ಯಾಕ್ಸ್‌ನ ಬೆನ್ ಹರ್ಷ್ ಕೂಡ ಅದೇ ಊರಿನವ. ಸ್ನಾನದ ತೊಟ್ಟಿಯಲ್ಲಿ ಪಾಲಿಶ್ ಕಲಸಿ, ನಿಂತ ಕಾರುಗಳ ಒಂದು ಮಡ್‌ಗಾರ್ಡ್ ಮಾತ್ರ ಉಜ್ಜಿ ಹೊಳೆಯುವಂತೆ ಮಾಡಿ, ಮಾಲೀಕ ಬರುವವರೆಗೆ ಪಕ್ಕದಲ್ಲೇ ಕಾಯುತ್ತಿದ್ದ ಎಂದು ಹೇಳುತ್ತಾರೆ. ಒಂದೇ ಕಡೆ ಹೊಳೆಯುವ ಕಾರನ್ನು ಯಾರು ತಾನೇ ಹಾಗೇ ಬಿಟ್ಟಾರು! ವ್ಯಾಪಾರದ ಬುದ್ಧಿ ಎಂದರೆ ಅದು.

ಈ ಡಬ್ಬಿಗಳ ಜೀವ ಇರುವುದು ಕಾರ್ನೂಬಾದಲ್ಲಿ. ಬ್ರೆಜಿಲ್ ದೇಶದ ಈಶಾನ್ಯದ ಒಣಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ. ನೀರು ಆರಿಹೋಗದಂತೆ ಎಲೆಯ ಮೇಲೆ ಮೇಣ ಹೊದ್ದುಕೊಂಡಿರುತ್ತದೆ. ಗರಿ ಕಡಿದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕಾರಿನ ಮೇಲೆ ಅದು ನಿಲ್ಲುವ ಭರವಸೆ ಇಲ್ಲ. ಕಾರ್ನೂಬಾ ಕರಗಲು 82 ಡಿಗ್ರಿಗೂ ಮೇಲೆ ಬೇಕು. ಅದರ ಮೇಲೆ ಅಮೆರಿಕದ ವ್ಯಾಕ್ಸ್ ಕಂಪನಿಗಳು ಎಷ್ಟು ಜೋತುಬಿದ್ದಿದ್ದವೆಂದರೆ, 1935ರಲ್ಲಿ ಜಾನ್ಸನ್ ವ್ಯಾಕ್ಸ್ ಕಂಪನಿಯ ಒಡೆಯ ಹರ್ಬರ್ಟ್ ಜಾನ್ಸನ್ ನೀರಿನ ಮೇಲೂ ಇಳಿಯುವ ಸಿಕೋರ್‌ಸ್ಕಿ ವಿಮಾನದಲ್ಲಿ ವಿಸ್ಕಾನ್ಸಿನ್‌ನಿಂದ ಫೋರ್ಟಲೇಝಾವರೆಗೆ ಹಾರಿ ಆ ಮರಗಳನ್ನು ಹುಡುಕಿ ನೋಡಿ ಬಂದ. ಈಗ ಕೆಲವು ಡಬ್ಬಿಗಳ ಮೇಲೆ ನೂರಕ್ಕೆ ನೂರು ಕಾರ್ನೂಬಾ ಎಂದು ಬರೆದಿರುತ್ತದೆ. ಶುದ್ಧ ಕಾರ್ನೂಬಾ ಬೆರಳಿನಲ್ಲಿ ತೆಗೆಯಲಾಗದಷ್ಟು ಗಟ್ಟಿ. ಟರ್ಪೆಂಟೈನ್ ಜಾತಿಯ ಎಣ್ಣೆ, ಮೆತ್ತಗಿನ ಬೇರೆ ಮೇಣ ಬೆರೆಸದೆ ಅದು ಹಚ್ಚಲು ಬರುವುದಿಲ್ಲ.

1970ರ ದಶಕದ ನಡುವೆ ನನ್ನ ಸೋದರಮಾವ ನನ್ನನ್ನು ಬೆಂಗಳೂರಿಗೆ ಕರೆತಂದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರ ಶೆಡ್ಡಿನಲ್ಲಿ ಬಿಟ್ಟರು. ಆ ರಸ್ತೆಯ ಉದ್ದಕ್ಕೂ ಆಗಲೂ ಬಿಡಿಭಾಗದ ಅಂಗಡಿಗಳು, ಹಿಂದಿನ ಗಲ್ಲಿಗಳಲ್ಲಿ ಟಿಂಕರಿಂಗ್ ಸುತ್ತಿಗೆಯ ಸದ್ದು. ಶೆಡ್ಡಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಮನೆಮಾತು ಉರ್ದು. ನಮ್ಮೊಡನೆ ಆಡುತ್ತಿದ್ದದ್ದು ಕಲಾಸಿಪಾಳ್ಯದ ಕನ್ನಡ. ಬರುತ್ತಿದ್ದ ಕಾರುಗಳು ಮೂರೇ ಜಾತಿ: ಅಂಬಾಸಿಡರ್, ಫಿಯಟ್, ಅಪರೂಪಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್. ಬಣ್ಣ ಎಲ್ಲಕ್ಕೂ ಎನ್.ಸಿ., ಅದೇ ಡ್ಯೂಕೋದ ಸಂತಾನ. ಶೆಡ್ಡಿಗೆ ಕಾಲಿಟ್ಟರೆ ಥಿನ್ನರಿನ ಕಳಿತ ಬಾಳೆಹಣ್ಣಿನ ವಾಸನೆ. ಮನೆಗೆ ಹೋದರೂ ಅಂಗಿಯಿಂದ ಹೋಗುತ್ತಿರಲಿಲ್ಲ. ಬೀಡಿ ಸೇದುವವರು ರಸ್ತೆ ದಾಟಿ ಹೋಗಬೇಕಿತ್ತು. ಮೂಲ ಗನ್ ಕಾಟನ್ ಎಂಬುದು ಉಸ್ತಾದರಿಗೆ ಗೊತ್ತಿತ್ತೋ ಇಲ್ಲವೋ, ಬೆಂಕಿಯ ಭಯ ಮಾತ್ರ ಚೆನ್ನಾಗಿ ಗೊತ್ತಿತ್ತು.

ಆಷಾಢದ ಜಡಿಮಳೆಯಲ್ಲಿ ಗನ್ ಮುಟ್ಟುತ್ತಿರಲಿಲ್ಲ. ಥಿನ್ನರ್ ಹಾರುವಾಗ ಬಣ್ಣದ ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕಪ್ಪು ಕಾರು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಿ ಮತ್ತೆ ಒಂದು ಕೈ ಹೊಡೆದರೆ ಹೋಗುವುದುಂಟು, ಆದರೆ ಉಸ್ತಾದ್ ಆ ಖರ್ಚಿಗೆ ಒಪ್ಪುವವರಲ್ಲ. ಬಿಸಿಲಿಗೆ ಕಾಯುತ್ತಿದ್ದರು. ಮಳೆಗಾಲ ನಮಗೆ ಉಜ್ಜುವ ಕಾಲ. 400ರ ವಾಟರ್ ಪೇಪರ್, ಆಮೇಲೆ 800, ಆಮೇಲೆ ಡಬ್ಬಿಯ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಹಳೆ ಬನಿಯನ್ ಬಟ್ಟೆ. ಮೆಷಿನ್ ಇರಲಿಲ್ಲ. ಬಾನೆಟ್ಟಿನ ನಡುವಿನ ಏಣು, ಬಾಗಿಲಿನ ಅಂಚು, ಮಡ್‌ಗಾರ್ಡಿನ ತುದಿ, ಅಲ್ಲಿ ಬಣ್ಣ ಯಾವಾಗಲೂ ತೆಳು. ಅಲ್ಲಿ ಕೈ ಭಾರವಾದರೆ ಕೆಳಗಿನ ಕೆಂಪು ಪ್ರೈಮರ್ ಇಣುಕುತ್ತದೆ. "ಲೋ ಮರಿ, ಏಣಿನ ಮೇಲೆ ಬೆರಳಿಡಬೇಡ್ವೋ, ಅಂಗೈ ಇಡು" ಎಂದು ಉಸ್ತಾದ್ ದೂರದಿಂದಲೇ ಕೂಗುತ್ತಿದ್ದರು. ಹೊಸಬರಿಗೆ ಆ ಜಾಗ ಕೊಡುತ್ತಲೇ ಇರಲಿಲ್ಲ.

ಎನ್.ಸಿ. ಬಣ್ಣ ಬಿಸಿಲಿಗೆ ಸುಣ್ಣವಾಗುತ್ತದೆ. ಎರಡು ಮೂರು ಬೇಸಿಗೆ ಕಂಡ ಅಂಬಾಸಿಡರಿನ ಟಾಪ್ ಮೇಲೆ ಕೈಯಾಡಿಸಿದರೆ ಅಂಗೈಗೆ ಬಣ್ಣದ ಪುಡಿ. ಸತ್ತ ಆ ಮೇಲ್ಪದರನ್ನು ಕಾಂಪೌಂಡಿನಿಂದ ಎತ್ತಿದರೆ ಕೆಳಗೆ ಜೀವಂತ ಬಣ್ಣ ಸಿಗುತ್ತಿತ್ತು. ಕಡು ನೀಲಿ ಫಿಯಟ್ ಉಜ್ಜಿದ ದಿನ ಬಟ್ಟೆ, ಬಕೆಟ್, ಉಗುರಿನ ಸಂದು ಎಲ್ಲ ನೀಲಿ. ಬಣ್ಣ ಹೋಗುತ್ತಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಆದರೆ ಹೋಗಲು ಬೇಕಾದಷ್ಟಿತ್ತು. ನಮ್ಮವರು ಆರೇಳು ಕೈ ಹೊಡೆಯುತ್ತಿದ್ದರು, ಮತ್ತೆ ಮತ್ತೆ ಬಣ್ಣ ಕಂಡ ಹಳೆ ಕಾರುಗಳಲ್ಲಿ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಉಜ್ಜಿಸಿಕೊಳ್ಳುವ ಕಾರು ಹತ್ತು ವರ್ಷ ತಡೆಯುತ್ತಿತ್ತು. ವ್ಯಾಕ್ಸ್ ಎಂಬುದು ಗಲ್ಫಿನಿಂದ ಬಂದ ಯಾರಾದರೂ ತಂದ ಡಬ್ಬಿಯಲ್ಲಿ ಇದ್ದರೆ ಉಂಟು. ಇಲ್ಲದಿದ್ದರೆ ಡ್ರೈವರುಗಳು ಮದುವೆ ದಿಬ್ಬಣಕ್ಕೆ ಮುಂಚೆ ಸೀಮೆಎಣ್ಣೆಗೆ ತೆಂಗಿನೆಣ್ಣೆ ಬೆರೆಸಿ ಒರೆಸುತ್ತಿದ್ದರು. ಅರ್ಧ ದಿನ ಚೆಂದ, ಆಮೇಲೆ ಊರಿನ ಧೂಳೆಲ್ಲ ಅದಕ್ಕೆ.

ಗಲ್ಫಿನ ಆ ಡಬ್ಬಿಗಳಿಂದ ಇನ್ನೊಂದು ಪೀಡೆ ಬಂತು. 1950ರ ದಶಕದಿಂದ ಪಾಲಿಶ್‌ಗಳಿಗೆ ಸಿಲಿಕೋನ್ ಸೇರಿಸತೊಡಗಿದ್ದರು, ಹಚ್ಚಲು ಒರೆಸಲು ಸಲೀಸು. ಅಂಥ ಪಾಲಿಶ್ ಕಂಡ ಕಾರಿಗೆ ಮರುಬಣ್ಣ ಹೊಡೆದರೆ ಹಸಿ ಬಣ್ಣ ಅಲ್ಲಲ್ಲಿ ಹಿಮ್ಮೆಟ್ಟಿ ದುಂಡನೆಯ ಕುಳಿಗಳು ಬೀಳುತ್ತವೆ. ಎಷ್ಟು ಸಲ ಹೊಡೆದರೂ ಅದೇ ಜಾಗದಲ್ಲಿ ಕಣ್ಣು ಬಿಡುತ್ತದೆ. ಫಿಶ್ ಐ ಎಂಬ ಹೆಸರು ನಮಗೆ ಆಮೇಲೆ ತಿಳಿಯಿತು. ಉಸ್ತಾದ್ ಮೊದಲು ಕಂಪ್ರೆಸರಿನ ಮೇಲೆ, ಆಮೇಲೆ ದೃಷ್ಟಿಯ ಮೇಲೆ ಅನುಮಾನಪಟ್ಟು ಶೆಡ್ಡಿಗೆ ನಿಂಬೆಹಣ್ಣು ಕಟ್ಟಿಸಿದರು. ಪಾಪ, ಕುಳಿಗೆ ಅದು ತಾಗಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಕೆಲವು ವರ್ಷದಲ್ಲಿ ನಮ್ಮ ಗಲ್ಲಿಗೂ ಬಂತು. ಕಾರ್ಖಾನೆಯ ಒಲೆಯಲ್ಲಿ ಬೆಂದ ಬಣ್ಣ. ಒರೆಸಿದರೆ ಪುಡಿ ಬರುವುದಿಲ್ಲ, ಬೇಸಿಗೆ ಕಳೆದರೂ ಹೊಳೆಯುತ್ತಿದೆ. ನಮ್ಮಂಥವರಿಗೆ ಇನ್ನು ಕೆಲಸವಿಲ್ಲ ಎಂದು ಕೆಲವರು ಆಟೋ ಕೊಂಡರು. ಆಮೇಲೆ ಬೆಳ್ಳಿ ಬೂದಿ ಮೆಟಾಲಿಕ್ ಬಣ್ಣಗಳು ಬಂದವು, ಅವುಗಳ ಜೊತೆ ಕ್ಲಿಯರ್ ಕೋಟ್. ಕೆಳಗೆ ಬಣ್ಣ, ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರು. ಯುರೋಪಿನಲ್ಲಿ 1970ರ ದಶಕದಲ್ಲೇ ಬಳಕೆಗೆ ಬಂದಿದ್ದ ಈ ಪದ್ಧತಿ ನಮ್ಮ ರಸ್ತೆಯಲ್ಲಿ ಮಾಮೂಲಾಗುವಷ್ಟರಲ್ಲಿ ಶತಮಾನ ತಿರುಗಿತ್ತು.

ಕ್ಲಿಯರ್ ಕೋಟ್ ಕಾರನ್ನು ಉಜ್ಜಿದರೆ ಬಟ್ಟೆ ಬಿಳಿಯಾಗೇ ಇರುತ್ತದೆ. ಕಳೆಯುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. ನನ್ನ ಪ್ರಕಾರ ಈ ಕಸುಬಿನ ಚರಿತ್ರೆಯಲ್ಲಿ ಅತಿ ದೊಡ್ಡ ತಿರುವು ಇದೇ. ಉಜ್ಜುವವನಿಗೆ ಎಚ್ಚರಿಕೆ ಕೊಡುತ್ತಿದ್ದ ಬಟ್ಟೆಯ ಬಣ್ಣ ಇಲ್ಲವಾಯಿತು, ಅದೇ ಹೊತ್ತಿಗೆ ಕೈಗೆ ಬಫಿಂಗ್ ಮೆಷಿನ್ ಬಂತು. ಕಾರ್ಖಾನೆಯ ಬಣ್ಣ ಪ್ರೈಮರಿನಿಂದ ಮೇಲಿನವರೆಗೆ ಎಲ್ಲ ಸೇರಿ ಸುಮಾರು 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ನಲವತ್ತರ ಆಸುಪಾಸು, ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದು ಆ ತೆಳು ಪದರಿನಲ್ಲೇ. ಅದನ್ನು ಅತಿಯಾಗಿ ಉಜ್ಜಿ ತೆಳುಮಾಡಿದ ಕಾರು ಅಂಗಡಿಯಿಂದ ಕನ್ನಡಿಯಂತೆ ಹೊರಡುತ್ತದೆ. ಒಂದೆರಡು ವರ್ಷಕ್ಕೆ ಟಾಪ್ ಮೇಲೆ ಬಿಳಿ ಮಚ್ಚೆ, ಆಮೇಲೆ ಹಾವಿನ ಪೊರೆಯಂತೆ ಸಿಪ್ಪೆ. ಅದಕ್ಕೆ ಪಾಲಿಶ್ ಇಲ್ಲ, ಮರುಬಣ್ಣವೇ ಗತಿ.

ಹಾಗಾದರೆ ಕೆಡದ ಬಣ್ಣಕ್ಕೆ ಪಾಲಿಶ್ ಯಾಕೆ ಬೇಕಾಯಿತು? ಗೀರಿಗಾಗಿ. ಕಪ್ಪು ಕಾರನ್ನು ಬಿಸಿಲಿನಲ್ಲಿ ನೋಡಿ, ಸೂರ್ಯನ ಸುತ್ತ ಬಲೆಯಂಥ ಸಣ್ಣ ಗೀರುಗಳು ಸುತ್ತಿಕೊಂಡಿರುತ್ತವೆ. ಅವು ರಸ್ತೆಯಲ್ಲಿ ಬಿದ್ದವಲ್ಲ. ಬೆಳಗಿನ ಜಾವ ಒಂದು ಬಕೆಟ್ ನೀರಿನಲ್ಲಿ ಒಂದೇ ಬಟ್ಟೆ ಅದ್ದಿ ಹತ್ತು ಕಾರು ಒರೆಸುವಾಗ ಬಿದ್ದವು, ಧೂಳಿನ ಮೇಲೆ ಒಣ ಬಟ್ಟೆ ಎಳೆದಾಗ ಬಿದ್ದವು. ಎನ್.ಸಿ. ಕಾಲದಲ್ಲಿ ಬಿಸಿಲು ಕೆಡಿಸಿದ್ದನ್ನು ನಾವು ಉಜ್ಜುತ್ತಿದ್ದೆವು, ಈಗ ಒರೆಸುವ ಕೈ ಕೆಡಿಸಿದ್ದನ್ನು ಉಜ್ಜುತ್ತೇವೆ. ಒರೆಸುವ ಹುಡುಗರನ್ನು ದೂರಿ ಫಲವಿಲ್ಲ. ತಿಂಗಳಿಗೆ ಒಂದು ಕಾರಿಗೆ ಕೆಲವು ನೂರು ರೂಪಾಯಿ ಕೊಟ್ಟು ಕಾರಿಗೊಂದು ಬಟ್ಟೆ ನಿರೀಕ್ಷಿಸುವವರ ಲೆಕ್ಕ ನನಗೆ ಹತ್ತುವುದಿಲ್ಲ.

ಆಮೇಲಿನದು ಕೋಟಿಂಗ್‌ಗಳ ಕಾಲ. ಬೆಂಗಳೂರಿನಲ್ಲಿ ಐಟಿ ಸಂಬಳ ಬಂದ ವರ್ಷಗಳಲ್ಲಿ ಷೋರೂಮುಗಳಲ್ಲಿ ಹೊಸ ಕಾರಿನ ಜೊತೆ ಟೆಫ್ಲಾನ್ ಕೋಟಿಂಗ್ ಮಾರುವುದು ಜೋರಾಯಿತು. ಟೆಫ್ಲಾನ್ ಕೂಡ ಡ್ಯೂಕೋ ಕೊಟ್ಟ ಡ್ಯುಪಾಂಟ್ ಮನೆಯದೇ, 1938ರಲ್ಲಿ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕಿದ್ದು. ಅದು ಕರಗಲು 327 ಡಿಗ್ರಿ ಬೇಕು. ದೋಸೆ ಕಾವಲಿಯನ್ನು ಕಾರ್ಖಾನೆಯಲ್ಲಿ ಅಷ್ಟು ಕಾಯಿಸಬಹುದು, ಬಾನೆಟ್ಟನ್ನು ಕಾಯಿಸಿದರೆ ಬಣ್ಣವೇ ಸುಟ್ಟುಹೋದೀತು. ಹಾಗಿದ್ದ ಮೇಲೆ ಬಟ್ಟೆಯಲ್ಲಿ ಹಚ್ಚಿದ ಟೆಫ್ಲಾನ್ ಕಾರಿಗೆ ಹಿಡಿಯುವುದೆಂತು? ಒಳ್ಳೆಯ ವ್ಯಾಕ್ಸ್ ಮಾಡುವಷ್ಟನ್ನೇ ಅದೂ ಮಾಡುತ್ತಿತ್ತು, ಬೆಲೆ ಮಾತ್ರ ಬೇರೆ.

ಸೆರಾಮಿಕ್ ಕೋಟಿಂಗ್ ಅದಕ್ಕಿಂತ ಪ್ರಾಮಾಣಿಕ ಸರಕು. ಸಿಲಿಕಾ ಜಾತಿಯ ದ್ರವ, ಆರಿದ ಮೇಲೆ ಗಾಜಿನ ಸ್ವಭಾವದ ಪದರಾಗಿ ಬಣ್ಣಕ್ಕೆ ನಿಜವಾಗಿಯೂ ಕಚ್ಚಿಕೊಳ್ಳುತ್ತದೆ. ನೀರು ಉರುಳಿಹೋಗುತ್ತದೆ, ಹಕ್ಕಿ ಹಿಕ್ಕೆ ಬೇಗ ಬಿಡುತ್ತದೆ. ಆದರೆ ದಪ್ಪ ಒಂದೆರಡು ಮೈಕ್ರಾನ್, ಎಷ್ಟೋ ಸಲ ಅದೂ ಇಲ್ಲ. ಬೋರ್ಡಿನ ಮೇಲೆ 9ಎಚ್ ಎಂದು ಬರೆದಿರುತ್ತಾರೆ. ಗಿರಾಕಿ ಅದನ್ನು ವಜ್ರದ ಗಟ್ಟಿತನದ ಲೆಕ್ಕವೆಂದು ತಿಳಿದು ತಲೆದೂಗುತ್ತಾನೆ. ಅದು ಪೆನ್ಸಿಲಿನ ಲೆಕ್ಕ. 9ಎಚ್ ಪೆನ್ಸಿಲಿನಿಂದ ಗೀರಿದರೆ ಗೀರು ಬೀಳಲಿಲ್ಲ ಎಂದರ್ಥ. ಪೆನ್ಸಿಲ್ ಹಿಡಿದು ಕಾರಿನ ಮೇಲೆ ಬರೆಯುವ ಮಕ್ಕಳಿಂದ ರಕ್ಷಣೆ ಉಂಟು ಎಂದು ನಾನು ಹೇಳಿದರೆ ಅಳಿಯ ಮುಖ ಗಂಟಿಕ್ಕುತ್ತಾನೆ.

ಅವನಿಗೂ ನನಗೂ ನಿಜವಾದ ಜಗಳ ಬೇರೆ ವಿಷಯಕ್ಕೆ. ಕೋಟಿಂಗ್ ಹಾಕುವ ಮುಂಚೆ ಇರುವ ಗೀರನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಅವು ಗಾಜಿನ ಕೆಳಗೆ ಉಳಿದುಬಿಡುತ್ತವೆ. ಹಾಗೆಂದು ಈಗ ಷೋರೂಮಿನಿಂದ ಇಳಿದ ಕಾರಿಗೇ ಮೊದಲ ವಾರ ಮೆಷಿನ್ ಹಿಡಿಯುತ್ತಾರೆ. ಮೂರು ವರ್ಷಕ್ಕೆ ಕೋಟಿಂಗ್ ಸವೆಯಿತೆಂದು ಮತ್ತೆ ಮೆಷಿನ್, ಮತ್ತೆ ಕೋಟಿಂಗ್. ರಕ್ಷಣೆಯ ಹೆಸರಿನಲ್ಲಿ ನಲವತ್ತು ಮೈಕ್ರಾನಿನ ಗಂಟು ಕರಗುತ್ತಾ ಹೋಗುತ್ತದೆ. ಕೊನೆಗೆ ಒಪ್ಪಂದವಾದದ್ದು ಒಂದಕ್ಕೆ: ಬಣ್ಣದ ದಪ್ಪ ಅಳೆಯುವ ಮೀಟರ್ ಕೊಂಡೆವು. ಯಾವ ಕಾರಿಗೂ ಅದರ ಓದು ಬರೆದುಕೊಳ್ಳದೆ ಮೆಷಿನ್ ಮುಟ್ಟಿಸುವುದಿಲ್ಲ. ಬಾನೆಟ್, ಟಾಪ್, ನಾಲ್ಕು ಬಾಗಿಲು, ಡಿಕ್ಕಿ, ಪ್ರತಿಯೊಂದರ ಅಂಕಿಯನ್ನೂ ಬಿಲ್ಲಿನ ಹಿಂದೆ ಬರೆದು ಕೊಡುತ್ತೇವೆ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಮಾಡಿತು. ಆದೇಶ ಸರಿಯೇ. ಜನ ತೊಳೆಯುವುದನ್ನು ಬಿಟ್ಟರು, ಒರೆಸುವುದನ್ನು ಬಿಡಲಿಲ್ಲ. ಮೆಟ್ರೋ ಕಾಮಗಾರಿಯ ಸಿಮೆಂಟ್ ಧೂಳನ್ನು ಒಣ ಬಟ್ಟೆಯಿಂದ ತಿಂಗಳುಗಟ್ಟಲೆ ಎಳೆದರು. ಇನ್ನು ಕೆಲವರು ಬೋರ್‌ವೆಲ್ಲಿನ ಗಡಸು ನೀರು ಚೆಲ್ಲಿ ಬಿಸಿಲಿನಲ್ಲಿ ಒಣಗಲು ಬಿಟ್ಟರು, ಒಂದೊಂದು ಹನಿಯೂ ಸುಣ್ಣದ ಬಳೆಯಾಗಿ ಕ್ಲಿಯರಿಗೆ ಕಚ್ಚಿತು. ಮಳೆ ಬಿದ್ದ ಮೇಲೆ ನಮ್ಮ ಅಂಗಡಿಯ ಮುಂದೆ ಸಾಲು.

ಆ ಸಾಲಿನಲ್ಲಿ ಒಂದು ಕಪ್ಪು ಸೆಡಾನ್ ಬಂತು, ಅದಕ್ಕೆ ಮುಂಚೆ ಬೇರೆ ಬೇರೆ ಕಡೆ ಕೋಟಿಂಗ್ ಮಾಡಿಸಿದ್ದು. ಮೀಟರ್ ಬಾಗಿಲುಗಳ ಮೇಲೆ ತೊಂಬತ್ತರ ಆಸುಪಾಸು, ಬಾನೆಟ್ಟಿನ ಏಣಿನ ಹತ್ತಿರ 70ಕ್ಕೂ ಕೆಳಗೆ ತೋರಿಸಿತು. ಮೆಷಿನ್ ಬೇಡವೆಂದು ಹೇಳಿ, ಚೆನ್ನಾಗಿ ತೊಳೆದು, ಕೈಯಲ್ಲಿ ವ್ಯಾಕ್ಸ್ ಹಚ್ಚಿ ಕಳಿಸಿದೆವು. ಸಣ್ಣ ಗೀರುಗಳು ಅರ್ಧ ಮರೆಯಾದವು, ಅರ್ಧ ಹಾಗೇ ಉಳಿದವು. ಮಾಲೀಕರಿಗೆ ಸಮಾಧಾನವಾಗಲಿಲ್ಲ, ಇನ್ನೊಂದು ಕಡೆ ಹೋಗಿ ಮೆಷಿನ್ ಹಿಡಿಸಿದರು. ದೀಪಾವಳಿಯ ಹೊತ್ತಿಗೆ ಬಾನೆಟ್ಟಿನ ಏಣಿನ ಉದ್ದಕ್ಕೂ ಬೂದು ಪ್ರೈಮರಿನ ಗೆರೆಯೊಂದಿಗೆ ಮತ್ತೆ ಬಂದರು. ಅಳಿಯ ಪರಿಚಯದ ಪೇಂಟಿಂಗ್ ಬೂತಿಗೆ ಕಳಿಸಿ ಪಿ.ಯು., ಎಂದರೆ ಪಾಲಿಯುರೆಥೇನ್ ಬಣ್ಣ, ಮೇಲೆ ಎರಡು ಕೈ ಕ್ಲಿಯರ್ ಹೊಡೆಸಿ ತಂದ. ಈಗ ಆ ಬಾನೆಟ್ 180 ಮೈಕ್ರಾನ್ ಇದೆ. ಕಾರಿನಲ್ಲಿ ಧೈರ್ಯವಾಗಿ ಉಜ್ಜಬಹುದಾದ ಜಾಗ ಅದೊಂದೇ ಎಂದು ಬಿಲ್ಲಿನ ಹಿಂದೆ ನಾನೇ ಬರೆದುಕೊಟ್ಟಿದ್ದೇನೆ.